ಸೂಕ್ಷ್ಮಜೀವಿಗೆ ಏನನ್ನು ಕೊಡಬಾರದು

(ಧಾರವಾಡದಲ್ಲಿ ಸಾರ್ವಜನಿಕರ ಎದುರು ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಬಂದ ಮಾತನ್ನು ತೆಗೆದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಚೀಲ ಬಿಚ್ಚಿದಾಗ ಕೆಲವು ಗಡ್ಡೆಗಳ ಸಿಪ್ಪೆಯ ಮೇಲೆ ಕರಿ ಪುಡಿ ಕಾಣುತ್ತದೆ. ಮುಟ್ಟಿದರೆ ಬೆರಳು ಕಪ್ಪಾಗುತ್ತದೆ. ಮನೆಯಲ್ಲಿ ಆ ಸಿಪ್ಪೆ ಕಿತ್ತು, ತೊಳೆದು, ಹೆಚ್ಚಿ ಮುಂದಿನ ಕೆಲಸ ನೋಡುತ್ತೇವೆ. ಆ ಪುಡಿ ಒಂದು ಬೂಷ್ಟಿನ ಬೀಜಕಣ. ಹೆಸರು ಆಸ್ಪರ್‌ಜಿಲಸ್ ನೈಜರ್, ಇಲ್ಲವೇ ಅದರ ತೀರಾ ಹತ್ತಿರದ ಬಳಗ. ಈಗ ಯಾವುದಾದರೂ ತಂಪು ಪಾನೀಯದ ಬಾಟಲಿ ತಿರುಗಿಸಿ ನೋಡಿ. ಐಎನ್‌ಎಸ್ 330 ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಸಂಖ್ಯೆ ಅದು. 330 ಅಂದರೆ ಸಿಟ್ರಿಕ್ ಆಮ್ಲ. ಬಾಟಲಿಯ ಮೇಲೆ ಲಿಂಬೆಹಣ್ಣಿನ ಚಿತ್ರ ಇದ್ದರೂ ಆ ಆಮ್ಲ ಲಿಂಬೆಯಿಂದ ಬಂದದ್ದಲ್ಲ. ಈ ಕರಿ ಬೂಷ್ಟು ಸಕ್ಕರೆ ತಿಂದು ಹೊರಹಾಕಿದ್ದು. ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗಿಂತ ಜಾಸ್ತಿ ಸಿಟ್ರಿಕ್ ಆಮ್ಲ ತಯಾರಾಗುತ್ತದೆ. ಹೆಚ್ಚುಕಡಿಮೆ ಪೂರ್ತಿ ಹೀಗೆಯೇ.

ಸೂಕ್ಷ್ಮಜೀವಿಗಳನ್ನು ಪುಟ್ಟ ಕಾರ್ಮಿಕರು ಅಂತ ಕರೆಯುವ ರೂಢಿ ಇದೆ. ನನಗೆ ಅದು ಹಿಡಿಸುವುದಿಲ್ಲ. ಅವು ನಮಗಾಗಿ ಏನನ್ನೂ ಮಾಡುವುದಿಲ್ಲ. ಅವಕ್ಕೆ ಗೊತ್ತಿರುವುದು ತಿನ್ನುವುದು, ಎರಡಾಗುವುದು, ನಾಲ್ಕಾಗುವುದು. ಹೊಟ್ಟೆತುಂಬ ಎಲ್ಲವನ್ನೂ ಕೊಟ್ಟರೆ ಸಕ್ಕರೆಯೆಲ್ಲ ಅವುಗಳ ಮೈ ಆಗುತ್ತದೆ, ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ನಮ್ಮ ಕೈಗೆ ಏನೂ ಬರುವುದಿಲ್ಲ. ಹಾಗಾಗಿ ಈ ಉದ್ಯಮದ ಜಾಣತನ ಇರುವುದು ಏನನ್ನು ಕೊಡಬೇಕು ಎನ್ನುವುದಕ್ಕಿಂತ ಏನನ್ನು ಕೊಡಬಾರದು ಎನ್ನುವುದರಲ್ಲಿ. ಒಂದನ್ನು ಧಾರಾಳವಾಗಿ ಸುರಿಯಬೇಕು, ಇನ್ನೊಂದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ಆಗ ಜೀವಿಯ ಲೆಕ್ಕ ತಪ್ಪುತ್ತದೆ. ತಪ್ಪಿದ ಆ ಲೆಕ್ಕವೇ ನಮ್ಮ ಸರಕು.

ಸಿಟ್ರಿಕ್ ಆಮ್ಲದ ಕಥೆಯನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ವೀಡನ್ನಿನ ಕಾರ್ಲ್ ಶೀಲೆ 1784ರಲ್ಲಿ ಲಿಂಬೆರಸದಿಂದ ಇದರ ಹರಳು ತೆಗೆದ. ಮುಂದೆ ನೂರು ವರ್ಷಕ್ಕೂ ಮೇಲೆ ಲಿಂಬೆಯೇ ದಾರಿ. ಇಟಲಿಯ ಲಿಂಬೆ ತೋಟಗಳ ಹಿಡಿತದಲ್ಲಿ ಇಡೀ ವ್ಯಾಪಾರ ಇತ್ತು. 1893ರಲ್ಲಿ ಜರ್ಮನಿಯ ಕಾರ್ಲ್ ವೇಮರ್, ಬೂಷ್ಟು ಕೂಡ ಸಿಟ್ರಿಕ್ ಆಮ್ಲ ಮಾಡುತ್ತದೆ ಅಂತ ತೋರಿಸಿದ. ಆದರೆ ಅವನ ಬೂಷ್ಟಿನಿಂದ ಕಾರ್ಖಾನೆ ನಡೆಯಲಿಲ್ಲ. ಮೊದಲ ಮಹಾಯುದ್ಧ ಬಂತು, ಇಟಲಿಯ ಪೂರೈಕೆ ಏರುಪೇರಾಯಿತು. 1917ರಲ್ಲಿ ಅಮೆರಿಕದ ಜೇಮ್ಸ್ ಕರ್ರಿ ಆಸ್ಪರ್‌ಜಿಲಸ್ ನೈಜರ್ ಹಿಡಿದು ಒಂದು ವಿಚಿತ್ರ ಕಂಡ. ಸಕ್ಕರೆ ತುಂಬ ಜಾಸ್ತಿ ಇರಬೇಕು. ನೀರು ಮೊದಲೇ ಚೆನ್ನಾಗಿ ಹುಳಿ ಇರಬೇಕು. ಬೇರೆ ಯಾವ ಜೀವಿಗೂ ಬೇಡವಾದ ಜಾಗದಲ್ಲಿ ಈ ಬೂಷ್ಟು ಆಮ್ಲ ಸುರಿಸುತ್ತದೆ. ಫೈಜರ್ ಕಂಪನಿ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. 1919ರಲ್ಲಿ ಬ್ರೂಕ್ಲಿನ್‌ನಲ್ಲಿ ತಯಾರಿಕೆ ಶುರುವಾಯಿತು.

ಆಮೇಲೆ ಗೊತ್ತಾದ ಸಂಗತಿ ಇನ್ನೂ ಸ್ವಾರಸ್ಯದ್ದು. ಟ್ಯಾಂಕಿನಲ್ಲಿ ಮ್ಯಾಂಗನೀಸ್ ಇರಕೂಡದು. ಒಂದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಇಳುವರಿ ಬೀಳುತ್ತದೆ. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಮ್ಯಾಂಗನೀಸ್ ಸಿಕ್ಕರೆ ಬೂಷ್ಟು ಉದ್ದುದ್ದ ಎಳೆಯಾಗಿ ಬೆಳೆಯುತ್ತದೆ, ಸಕ್ಕರೆ ಬೆಳವಣಿಗೆಗೆ ಹೋಗುತ್ತದೆ. ಸಿಗದಿದ್ದರೆ ಗಿಡ್ಡ ಗಂಟುಗಳಾಗಿ ನಿಲ್ಲುತ್ತದೆ. ತಿಂದ ಸಕ್ಕರೆಯನ್ನು ಏನು ಮಾಡಬೇಕು ಅಂತ ತಿಳಿಯದೆ ಸಿಟ್ರಿಕ್ ಆಮ್ಲವಾಗಿ ಹೊರಗೆ ಬಿಡುತ್ತದೆ. ನಮ್ಮ ಸಕ್ಕರೆ ಕಾರ್ಖಾನೆಯ ಕಾಕಂಬಿಯಲ್ಲಿ ಇಂಥ ಲೋಹಗಳು ಬೇಕಾದಷ್ಟಿರುತ್ತವೆ. ಹಾಗಾಗಿ ಕಾಕಂಬಿ ಬಳಸುವವರು ಮೊದಲು ಫೆರೋಸಯನೈಡ್ ಎಂಬ ಲವಣ ಹಾಕಿ ಆ ಲೋಹಗಳನ್ನು ಕಟ್ಟಿಹಾಕುತ್ತಾರೆ.

ಇದೇ ಬೂಷ್ಟನ್ನು, ಇದೇ ಸಕ್ಕರೆಯಲ್ಲಿ, ಹುಳಿ ಇಲ್ಲದ ನೀರಿನಲ್ಲಿ ಬೆಳೆಸಿ ನೋಡಿ. ಪಿಎಚ್, ಅಂದರೆ ಹುಳಿಯ ಅಳತೆ (ಏಳಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ), ಆರರ ಹತ್ತಿರ ಇಟ್ಟು, ಗಾಳಿ ಚೆನ್ನಾಗಿ ಕೊಟ್ಟರೆ ಬರುವುದು ಸಿಟ್ರಿಕ್ ಅಲ್ಲ, ಗ್ಲೂಕೋನಿಕ್ ಆಮ್ಲ. ಅದರ ಸೋಡಿಯಂ ಲವಣವನ್ನು ಕಾಂಕ್ರೀಟಿಗೆ ಸೇರಿಸುತ್ತಾರೆ. ಬಿಸಿಲಿನಲ್ಲಿ ರೆಡಿಮಿಕ್ಸ್ ಲಾರಿ ಹುಬ್ಬಳ್ಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಒಳಗಿನ ಮಾಲು ಬೇಗ ಗಟ್ಟಿಯಾಗದಂತೆ ತಡೆಯುವ ಪದಾರ್ಥಗಳಲ್ಲಿ ಅದೂ ಒಂದು. ಜೀವಿ ಒಂದೇ, ಊಟ ಒಂದೇ. ಹುಳಿ ಬದಲಾದರೆ ಸರಕು ಬದಲಾಗುತ್ತದೆ. ಪಠ್ಯಪುಸ್ತಕದಲ್ಲಿ ಇದು ಒಂದು ಸಾಲಿನಲ್ಲಿ ಮುಗಿಯುತ್ತದೆ, ಅದು ನನಗೆ ಬೇಸರ.

ಇನ್ನೊಂದು ಮಾತು. ದೊಡ್ಡ ಟ್ಯಾಂಕಿನ ತುಂಬ ದ್ರವ ಹಾಕಿ, ಕೆಳಗಿನಿಂದ ಗಾಳಿ ಬಿಟ್ಟು, ಕಲಕುತ್ತ ಬೂಷ್ಟು ಬೆಳೆಸುವ ವಿದ್ಯೆ ಫೈಜರ್‌ಗೆ ಕೈಹತ್ತಿದ್ದು ಈ ಆಮ್ಲಗಳಿಂದಲೇ. ಎರಡನೇ ಮಹಾಯುದ್ಧದಲ್ಲಿ ಪೆನಿಸಿಲಿನ್ ಬೇಕಾದಾಗ ಅದೇ ವಿದ್ಯೆ ಉಪಯೋಗಕ್ಕೆ ಬಂತು. 1944ರ ಮಾರ್ಚ್‌ನಲ್ಲಿ ಬ್ರೂಕ್ಲಿನ್‌ನ ಹಳೆಯ ಐಸ್ ಫ್ಯಾಕ್ಟರಿಯೊಂದರಲ್ಲಿ ಅವರ ಪೆನಿಸಿಲಿನ್ ಘಟಕ ಶುರುವಾಯಿತು. ಜೂನ್‌ನಲ್ಲಿ ನಾರ್ಮಂಡಿ ದಂಡೆಗೆ ಇಳಿದ ಸೈನಿಕರ ಜೊತೆ ಆ ಔಷಧಿಯೂ ಹೋಯಿತು. ಆ ಪೆನಿಸಿಲಿನ್ ಬೂಷ್ಟಿಗೆ ಹಾಕಿದ ಮುಖ್ಯ ಆಹಾರ ಯಾವುದು ಗೊತ್ತಾ? ಗೋವಿನಜೋಳ ನೆನೆಸಿಟ್ಟ ನೀರು. ಪಿಷ್ಟ ತೆಗೆಯುವ ಕಾರ್ಖಾನೆಯಲ್ಲಿ ಬೇಡವಾಗಿ ಉಳಿಯುವ ಹುಳಿ ನೀರು. ಅದನ್ನು ಹಾಕಿದ ಮೇಲೆ ಇಳುವರಿ ಹಲವು ಪಟ್ಟು ಏರಿತು. ಹಾವೇರಿ ಕಡೆಯಿಂದ ಬಂದವರು ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಡೆಹಿಡಿಯುವ ಆಟಕ್ಕೆ ಇನ್ನೊಂದು ಉದಾಹರಣೆ ಸಂಜೆ ಹೊತ್ತು ಗೋಬಿ ಮಂಚೂರಿ ಗಾಡಿಯ ಮುಂದೆ ಸಿಗುತ್ತದೆ. ಅಲ್ಲಿ ಹಾಕುವ ಟೇಸ್ಟಿಂಗ್ ಪೌಡರ್, ಅಂದರೆ ಮೋನೋಸೋಡಿಯಂ ಗ್ಲುಟಮೇಟ್. ಜಪಾನಿನ ಕಿಕುನಾಯ್ ಇಕೆಡಾ 1908ರಲ್ಲಿ ಕೊಂಬು ಎಂಬ ಸಮುದ್ರ ಪಾಚಿಯ ಸಾರಿನಲ್ಲಿ ಈ ರುಚಿಯ ಮೂಲ ಹುಡುಕಿದರು. ಮೊದಮೊದಲು ಗೋಧಿಯ ಅಂಟನ್ನು ಆಮ್ಲದಲ್ಲಿ ಕುದಿಸಿ ತೆಗೆಯುತ್ತಿದ್ದರು. 1956ರಲ್ಲಿ ಕಿನೋಶಿತಾ ಅವರ ತಂಡಕ್ಕೆ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಈಗ ಅದರ ಹೆಸರು ಕೊರೈನೆಬ್ಯಾಕ್ಟೀರಿಯಂ ಗ್ಲುಟಾಮಿಕಂ. ಅದಕ್ಕೆ ಬಯೋಟಿನ್ ಎಂಬ ವಿಟಮಿನ್ ಬೇಕು, ತಾನೇ ಮಾಡಿಕೊಳ್ಳಲಾರದು. ಬಯೋಟಿನ್ ಕಡಿಮೆ ಕೊಟ್ಟರೆ ಅದರ ಹೊರಪೊರೆ ಸರಿಯಾಗಿ ಕಟ್ಟುವುದಿಲ್ಲ. ಒಳಗಿದ್ದ ಗ್ಲುಟಮೇಟ್ ಹೊರಗೆ ಸೋರುತ್ತದೆ. ಕಾಕಂಬಿಯಲ್ಲಿ ಬಯೋಟಿನ್ ಜಾಸ್ತಿ. ಅದನ್ನು ಬಳಸಿದಾಗ ಸ್ವಲ್ಪವೇ ಪೆನಿಸಿಲಿನ್ ಹಾಕಿ ಪೊರೆ ಕೆಡಿಸುವ ಉಪಾಯ ಹುಡುಕಿದರು. ಇದೇ ಬ್ಯಾಕ್ಟೀರಿಯಾದ ಬೇರೆ ತಳಿಗಳು ಲೈಸಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೊಟೀನಿನ ಒಂದು ಬಿಡಿಭಾಗ, ಮಾಡುತ್ತವೆ. ಗೋವಿನಜೋಳದಲ್ಲಿ ಲೈಸಿನ್ ಕಡಿಮೆ. ಹಾಗಾಗಿ ಕೋಳಿ ಫಾರ್ಮಿನ ದಾಣಿಗೆ ಅದನ್ನು ಸೇರಿಸುತ್ತಾರೆ.

ಈ ಹಂತದಲ್ಲಿ ಸಭೆಯಲ್ಲಿ ಒಬ್ಬ ತಾಯಿ ಕೈ ಎತ್ತಿದರು. "ಸರ್ರ, ನಾವು ಮನ್ಯಾಗ ಹಾಲಿಗೆ ಹೆಪ್ಪು ಹಾಕ್ತೀವಿ. ಅದಕ್ಕೂ ಇದಕ್ಕೂ ಫರಕ್ ಏನ್ರಿ?"

ಒಳ್ಳೆಯ ಪ್ರಶ್ನೆ. ಕೆಲಸ ಅದೇ. ಗಾಳಿ ಊದಬೇಕಿಲ್ಲದ ಕೆಲಸಗಳಲ್ಲಿ ಕಾರ್ಖಾನೆಯ ಟ್ಯಾಂಕು ರಾತ್ರಿ ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆಯ ಹಾಗೇ. ಹದವಾದ ಬಿಸಿ, ಸ್ವಲ್ಪ ಹೆಪ್ಪು, ಮುಚ್ಚಳ, ಕಾಯುವುದು. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿ ಏರಿದಂತೆ ಹಾಲು ಗಟ್ಟಿಯಾಗುತ್ತದೆ. ಆದರೆ ಒಂದು ಮಟ್ಟ ದಾಟಿದರೆ ತನ್ನ ಹುಳಿಯೇ ಆ ಬ್ಯಾಕ್ಟೀರಿಯಾಕ್ಕೆ ತಡೆಯಲಾಗುವುದಿಲ್ಲ, ಕೆಲಸ ನಿಧಾನವಾಗುತ್ತದೆ. ಮೊಸರಿಗೆ ಅಷ್ಟು ಸಾಕು. ಕಾರ್ಖಾನೆಗೆ ಸಾಲದು.

ಲ್ಯಾಕ್ಟಿಕ್ ಆಮ್ಲದಿಂದ ಪಿಎಲ್ಎ ಎಂಬ ಪ್ಲಾಸ್ಟಿಕ್ ಮಾಡುತ್ತಾರೆ. ತ್ರೀಡಿ ಪ್ರಿಂಟರಿಗೆ ಹಾಕುವ ದಾರ ಬಹುಪಾಲು ಅದೇ, ಇಲ್ಲಿ ಕುಳಿತ ಇಂಜಿನಿಯರಿಂಗ್ ಹುಡುಗರಿಗೆ ಗೊತ್ತಿರುತ್ತದೆ. ಆಮ್ಲ ಜಾಸ್ತಿ ಬೇಕೆಂದರೆ ಟ್ಯಾಂಕಿಗೆ ಸುಣ್ಣ ಹಾಕುತ್ತ ಹೋಗಬೇಕು. ಹುಳಿ ಮುರಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ಮುಂದುವರಿಸುತ್ತದೆ. ಕೊನೆಗೆ ಸಿಗುವುದು ಆಮ್ಲ ಅಲ್ಲ, ಕ್ಯಾಲ್ಸಿಯಂ ಲ್ಯಾಕ್ಟೇಟ್. ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಲ್ಯಾಕ್ಟಿಕ್ ಆಮ್ಲ ಬಿಡುಗಡೆಯಾಗುತ್ತದೆ, ಜೊತೆಗೆ ಜಿಪ್ಸಂ ಬೀಳುತ್ತದೆ. ಒಂದು ಟನ್ ಆಮ್ಲಕ್ಕೆ ಸುಮಾರು ಒಂದು ಟನ್ ಜಿಪ್ಸಂ. ಹಸಿರು ಪ್ಲಾಸ್ಟಿಕ್ಕಿನ ಜಾಹೀರಾತಿನಲ್ಲಿ ಈ ಜಿಪ್ಸಂ ಗುಡ್ಡ ಕಾಣುವುದಿಲ್ಲ ನೋಡಿ. ಹುಳಿ ತಡೆಯುವ ಯೀಸ್ಟಿಗೆ ಲ್ಯಾಕ್ಟಿಕ್ ಆಮ್ಲ ಮಾಡುವ ಜೀನ್ ಸೇರಿಸಿ ಈ ತೊಂದರೆ ಕಡಿಮೆ ಮಾಡಿದ ಕಂಪನಿಗಳಿವೆ.

ಇಲ್ಲಿಂದ ನನ್ನ ಎರಡನೇ ಮಾತು ಶುರು. ಸೂಕ್ಷ್ಮಜೀವಿಯ ಕೆಲಸ ಮುಗಿದ ಮೇಲೆ ನಮ್ಮ ಮುಂದೆ ಇರುವುದು ಮುಖ್ಯವಾಗಿ ನೀರು. ಆ ನೀರಿನಿಂದ ಸರಕನ್ನು ತೆಗೆಯುವುದಕ್ಕೆ ದುಡ್ಡು ಬೇಕು.

ಖೈಮ್ ವೈಜ್‌ಮನ್ ಹೆಸರು ಕೇಳಿರಬಹುದು. ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು. ಅದಕ್ಕೂ ಮೊದಲು ಮ್ಯಾಂಚೆಸ್ಟರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕಾರ್ಡೈಟ್ ಎಂಬ ಸಿಡಿಮದ್ದು ಮಾಡಲು ಅಸಿಟೋನ್ ಎಂಬ ದ್ರಾವಕ ಬೇಕಿತ್ತು. ವೈಜ್‌ಮನ್ ಹತ್ತಿರ ಕ್ಲೊಸ್ಟ್ರಿಡಿಯಂ ಜಾತಿಯ ಒಂದು ಬ್ಯಾಕ್ಟೀರಿಯಾ ಇತ್ತು. ಅದು ಗೋವಿನಜೋಳದ ಪಿಷ್ಟವನ್ನು ನೇರವಾಗಿ ತಿಂದು ಬ್ಯೂಟನಾಲ್, ಅಸಿಟೋನ್, ಎಥನಾಲ್ ಮೂರನ್ನೂ ಕೊಡುತ್ತಿತ್ತು, ಸುಮಾರು 6:3:1ರ ಪ್ರಮಾಣದಲ್ಲಿ. ಗೋವಿನಜೋಳ ತರುವ ಹಡಗುಗಳಿಗೆ ಜರ್ಮನ್ ಜಲಾಂತರ್ಗಾಮಿಗಳ ಕಾಟ ಜಾಸ್ತಿಯಾದಾಗ, 1917ರಲ್ಲಿ ಶಾಲೆಯ ಮಕ್ಕಳಿಂದ ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಕಾಯಿ ಆರಿಸಿ ತರಿಸಿದರು. ಅದರಿಂದ ಹೇಳಿಕೊಳ್ಳುವಂಥ ಫಲ ಬರಲಿಲ್ಲ.

ಆ ಬ್ಯಾಕ್ಟೀರಿಯಾ ಮೊದಲು ಆಮ್ಲ ಮಾಡುತ್ತದೆ. ನೀರು ಹುಳಿಯಾಗುತ್ತ ಬರುತ್ತದೆ. ಹಾಗೇ ಬಿಟ್ಟರೆ ಸಾಯಬೇಕು. ಆಗ ಬಿಟ್ಟ ಆಮ್ಲವನ್ನೇ ಒಳಗೆ ಎಳೆದುಕೊಂಡು ಬ್ಯೂಟನಾಲ್, ಅಸಿಟೋನ್ ಮಾಡಿ ಹೊರಹಾಕುತ್ತದೆ. ಸ್ವಲ್ಪ ಹೊತ್ತು ಬದುಕುತ್ತದೆ. ಆಮೇಲೆ ಬ್ಯೂಟನಾಲೇ ಅದಕ್ಕೆ ವಿಷ. ನೂರು ಪಾಲಿನಲ್ಲಿ ಒಂದೂವರೆ ಪಾಲು ಬ್ಯೂಟನಾಲ್ ಆಗುವಷ್ಟರಲ್ಲಿ ಎಲ್ಲ ನಿಂತುಹೋಗುತ್ತದೆ. ಉಳಿದ ಆ ನೀರನ್ನೆಲ್ಲ ಕಾಯಿಸಿ ಬಟ್ಟಿ ಇಳಿಸಬೇಕು. ಯುದ್ಧ ಮುಗಿದ ಮೇಲೂ ಇದು ನಡೆಯಿತು, ಕಾರಿನ ಬಣ್ಣಕ್ಕೆ ಬ್ಯೂಟನಾಲ್ ಬೇಕಿತ್ತು. 1920ರ ದಶಕದಲ್ಲಿ ಅಮೆರಿಕದ ಟೆರ್ರೆ ಹೋಟ್ ಕಾರ್ಖಾನೆಯ ಟ್ಯಾಂಕುಗಳಿಗೆ ಬ್ಯಾಕ್ಟೀರಿಯಾ ತಿನ್ನುವ ವೈರಸ್ ಹೊಕ್ಕು ಇಳುವರಿ ಅರ್ಧಕ್ಕೆ ಬಿದ್ದದ್ದೂ ಉಂಟು. ಅದನ್ನೂ ದಾಟಿದರು. ಪೆಟ್ರೋಲಿಯಂನಿಂದ ಅಗ್ಗದ ಬ್ಯೂಟನಾಲ್ ಬಂದಾಗ ಮಾತ್ರ ದಾಟಲಾಗಲಿಲ್ಲ. 1960ರ ದಶಕದ ಹೊತ್ತಿಗೆ ಪಶ್ಚಿಮದ ಘಟಕಗಳು ಹೆಚ್ಚುಕಡಿಮೆ ಬಾಗಿಲು ಹಾಕಿದವು.

ಜೀನ್ ತಿದ್ದುವ ವಿದ್ಯೆ ಬಂದ ಮೇಲೆ ಎಲ್ಲ ಬದಲಾಯಿತು ಅಂತ ಪತ್ರಿಕೆಗಳಲ್ಲಿ ಓದುತ್ತೇವೆ. ಅರ್ಧ ನಿಜ. ಗೆದ್ದ ಉದಾಹರಣೆ ಒಂದು, ಪ್ರೊಪೇನ್‌ಡೈಯಾಲ್ ಎಂಬ ದ್ರವ. ಕಾರ್ಪೆಟ್ ನೂಲಿಗೆ ಬೇಕು. ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಯೀಸ್ಟಿನ ಜೀನ್ ಕೆಲವು, ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಜೀನ್ ಕೆಲವು ಹಾಕಿದರು. 2006ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಡುಪಾಂಟ್ ಮತ್ತು ಟೇಟ್ ಅಂಡ್ ಲೈಲ್ ಕಂಪನಿಗಳು ಸೇರಿ ಕಾರ್ಖಾನೆ ತೆರೆದವು. ಗೋವಿನಜೋಳದ ಸಕ್ಕರೆಯೇ ಕಚ್ಚಾ ಮಾಲು. ಇಲ್ಲಿ ಸರಕು ನೀರಿನಲ್ಲಿ ನೂರಕ್ಕೆ ಹತ್ತು ಪಾಲಿಗೂ ಮೇಲೆ ಸಿಗುತ್ತದೆ. ಗೆದ್ದದ್ದು ಅದಕ್ಕೇ.

ಸೋತ ಉದಾಹರಣೆ ನನಗೆ ಜಾಸ್ತಿ ಪಾಠ ಅನ್ನಿಸುತ್ತದೆ. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಒಂದು ಗಿಡದಿಂದ ಬರುತ್ತದೆ. ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಅದರ ಹಿಂದಿನ ಹಂತದ ಆಮ್ಲವನ್ನು ಯೀಸ್ಟಿನಲ್ಲಿ ಮಾಡಿಸಿತು. ಅದ್ಭುತ ವಿಜ್ಞಾನ, ಎರಡು ಮಾತಿಲ್ಲ. ಸನೋಫಿ ಕಂಪನಿ 2013ರಲ್ಲಿ ದೊಡ್ಡ ಪ್ರಮಾಣದ ತಯಾರಿಕೆಗೆ ಇಳಿಯಿತು. ಅಷ್ಟರಲ್ಲಿ ರೈತರು ಗಿಡವನ್ನು ಜಾಸ್ತಿ ಬೆಳೆದಿದ್ದರು. ಬೆಲೆ ಬಿದ್ದಿತ್ತು. ಗಿಡದ ಔಷಧಿಯೇ ಯೀಸ್ಟಿನದಕ್ಕಿಂತ ಅಗ್ಗವಾಯಿತು. ಕೆಲವೇ ವರ್ಷಗಳಲ್ಲಿ ಸನೋಫಿ ಆ ಘಟಕವನ್ನೇ ಮಾರಿತು. ಟ್ಯಾಂಕಿನ ಒಳಗೆ ಎಲ್ಲ ಸರಿ ಇತ್ತು. ಕೆಟ್ಟದ್ದು ಸಂತೆಯ ರೇಟು.

ಟ್ಯಾಂಕಿನ ಒಳಗಿನ ಖರ್ಚೂ ಕಡಿಮೆ ಅಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗುತ್ತದೆ. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಕೆಲವು ಸೆಕೆಂಡಿನಲ್ಲಿ ಮುಗಿಸುತ್ತದೆ. ಹಗಲು ರಾತ್ರಿ ಕಂಪ್ರೆಸರ್ ಓಡಬೇಕು. ಜೀವಿಗಳು ಬಿಸಿಯನ್ನೂ ಹೊರಹಾಕುತ್ತವೆ. ಲ್ಯಾಬಿನ ಫ್ಲಾಸ್ಕಿಗೆ ಫ್ಯಾನ್ ಗಾಳಿ ಸಾಕು. ಲಕ್ಷ ಲೀಟರಿನ ಟ್ಯಾಂಕಿಗೆ, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ತಣ್ಣೀರಿನ ಪೈಪು ಸುತ್ತಬೇಕು. ಕರೆಂಟ್ ಹೋದರೆ ಗಾಳಿಯೂ ಇಲ್ಲ, ತಂಪೂ ಇಲ್ಲ. ಅಂಥ ರಾತ್ರಿ ಪಾಳಿ ಮಾಡಿದವರಿಗೆ ಗೊತ್ತು ಅದರ ಸಂಕಟ.

ನಮ್ಮ ಕಡೆಯ ಬಟ್ಟೆಗೂ ಇದರ ನಂಟಿದೆ. ನೇಯುವಾಗ ಹಾಸಿನ ನೂಲು ಹರಿಯಬಾರದು ಅಂತ ಗಂಜಿ ಹಾಕುತ್ತಾರಲ್ಲ, ಗದಗ-ಬೆಟಗೇರಿಯ ನೇಕಾರರಿಗೆ ಹೇಳಿಕೊಡಬೇಕಿಲ್ಲ. ಮಿಲ್ಲುಗಳಲ್ಲಿ ಬಣ್ಣ ಹಾಕುವ ಮೊದಲು ಆ ಗಂಜಿ ತೆಗೆಯಬೇಕು. ಆಮ್ಲ ಹಾಕಿ ತೆಗೆದರೆ ನೂಲಿಗೇ ಪೆಟ್ಟು. ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ತೆಗೆದ ಅಮೈಲೇಸ್ ಎಂಬ ಕಿಣ್ವ ಗಂಜಿಯನ್ನಷ್ಟೇ ಕತ್ತರಿಸುತ್ತದೆ, ಹತ್ತಿಯನ್ನು ಮುಟ್ಟುವುದಿಲ್ಲ. ಬಟ್ಟೆ ತೊಳೆಯುವ ಪುಡಿಯಲ್ಲಿ ಕಲೆ ತೆಗೆಯಲು ಹಾಕುವ ಕಿಣ್ವಗಳೂ ಬಹುಪಾಲು ಬ್ಯಾಸಿಲಸ್ ಬಳಗದ್ದೇ.

ಕೊನೆಗೆ ಹಾವೇರಿ ಜಿಲ್ಲೆಯ ರೈತರೊಬ್ಬರು ಎದ್ದು ಕೇಳಿದರು. "ಅಲ್ರೀ ಸರ, ಇಷ್ಟೊತ್ತು ಗೋವಿನಜ್ವಾಳ ಗೋವಿನಜ್ವಾಳ ಅಂದ್ರಿ. ನಮಗ ಇದರಿಂದ ರೇಟ್ ಸಿಗತೈತೋ ಇಲ್ಲೋ ಹೇಳ್ರಿ."

ಅವರ ಮನಸ್ಸಿನಲ್ಲಿ ಇದ್ದದ್ದು ಪೆಟ್ರೋಲಿಗೆ ಬೆರೆಸುವ ಎಥನಾಲ್, ಅಂದರೆ ಮದ್ಯಸಾರ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025ಕ್ಕೆ ಹಿಂದಕ್ಕೆ ತಂದಿತು. ಅದನ್ನು ಮುಟ್ಟಿಯೂ ಆಯಿತು. ಈಗ ಅದಕ್ಕೆ ಹೋಗುವ ಕಚ್ಚಾ ಮಾಲಿನಲ್ಲಿ ಗೋವಿನಜೋಳದ್ದು ದೊಡ್ಡ ಪಾಲು. ಕಾಳು ಪುಡಿ ಮಾಡಿ, ಬೇಯಿಸಿ, ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆ ಮಾಡುತ್ತಾರೆ. ಯೀಸ್ಟ್ ಅದನ್ನು ಎಥನಾಲ್ ಮಾಡುತ್ತದೆ. ಒಂದು ಕಿಲೋ ಗ್ಲೂಕೋಸಿನಿಂದ ಎಷ್ಟೇ ಹೆಣಗಿದರೂ 510 ಗ್ರಾಂ ಎಥನಾಲಿಗಿಂತ ಜಾಸ್ತಿ ಬರಲಾರದು. ಉಳಿದದ್ದು ಕಾರ್ಬನ್ ಡೈಆಕ್ಸೈಡ್. ಒಂದು ಟನ್ ಗೋವಿನಜೋಳಕ್ಕೆ ಸುಮಾರು 380 ಲೀಟರ್ ಎಥನಾಲ್, ಜೊತೆಗೆ 300 ಕಿಲೋ ಹತ್ತಿರ ಒಣ ಹಿಂಡಿ. ಆ ಹಿಂಡಿ ದನ, ಕೋಳಿಗಳ ದಾಣಿಗೆ ಹೋಗುತ್ತದೆ.

ಹಾಗಾದರೆ ರೇಟು? 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ವರ್ಷ ಸುಗ್ಗಿಯಲ್ಲಿ ಮಾರುಕಟ್ಟೆ ಬೆಲೆ ಅದಕ್ಕಿಂತ ತುಂಬ ಕೆಳಗೆ ಹೋಯಿತು, ಲಕ್ಷ್ಮೇಶ್ವರದಲ್ಲಿ, ಹಾವೇರಿಯಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಧರಣಿ ಕುಳಿತರು. ಎಥನಾಲ್ ಜೋರಾಗಿದ್ದ ಕಾಲದಲ್ಲೇ ಹೀಗಾಯಿತು. ಯಾಕೆಂದರೆ ಎಥನಾಲಿನ ಖರೀದಿ ಬೆಲೆ, ಯಾವ ಘಟಕದಿಂದ ಎಷ್ಟು ಕೊಳ್ಳುವುದು, ಎರಡೂ ಮೇಲಿನಿಂದ ನಿಗದಿಯಾಗುತ್ತವೆ. ಘಟಕದ ಮಾಲೀಕನಿಗೆ ಕಾಳಿಗೆ ಜಾಸ್ತಿ ಕೊಡುವ ಜಾಗ ಕಡಿಮೆ. ಒಂದೇ ಸರಕು, ಒಂದೇ ಗಿರಾಕಿ ಇರುವ ಕಾರ್ಖಾನೆಯಿಂದ ರೈತನಿಗೆ ದೊಡ್ಡ ಬೆಲೆ ಬರುತ್ತದೆ ಅಂತ ನಾನು ಹೇಳಲಾರೆ.

ಪಿಷ್ಟದ ಕಾರ್ಖಾನೆಯ ಲೆಕ್ಕ ಬೇರೆ. ಕಾಳು ನೆನೆಸಿದ ನೀರು ಒಂದು ಸರಕು. ಮೊಳಕೆಯ ಎಣ್ಣೆ ಒಂದು. ಅಂಟು ಒಂದು. ಪಿಷ್ಟದಿಂದ ಗ್ಲೂಕೋಸ್, ಅದರಿಂದ ಸಿಟ್ರಿಕ್ಕೋ, ಲೈಸಿನ್ನೋ, ಲ್ಯಾಕ್ಟಿಕ್ ಆಮ್ಲವೋ. ಒಂದರ ರೇಟು ಬಿದ್ದರೆ ಇನ್ನೊಂದು ಹಿಡಿಯುತ್ತದೆ. ಅಂಥದ್ದು ಕಟ್ಟಲು ಬಂಡವಾಳ ಜಾಸ್ತಿ, ಕಲಿತ ಹುಡುಗರೂ ಬೇಕು. ಹುಡುಗರಿಗೆ ನಮ್ಮಲ್ಲಿ ಬರ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಬಯೋಟೆಕ್ನಾಲಜಿ ಓದಿದವರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ, ಅಷ್ಟೇ.

"ಮತ್ತ ನಮ್ಮೂರ ಹತ್ರ ಫ್ಯಾಕ್ಟರಿ ಬರ್ತೈತಿ ಅಂದ್ರ ಹೂಂ ಅನ್ನೂದೋ, ಉಹೂಂ ಅನ್ನೂದೋ?" ಅಂತ ಅವರೇ ಮತ್ತೆ ಕೇಳಿದರು. ಸಭೆ ನಕ್ಕಿತು.

ಸುಮ್ನೆ ಹೂಂ ಅನ್ನಬೇಡಿ, ಸುಮ್ನೆ ಉಹೂಂ ಅನ್ನಬೇಡಿ ಅಂದೆ. ಮೊದಲು ನೀರು ಕೇಳಿ. ದಿನಕ್ಕೆ ಎಷ್ಟು ಬೇಕು, ಬೋರ್‌ವೆಲ್ಲಿನಿಂದಲೋ, ತುಂಗಭದ್ರೆಯಿಂದಲೋ, ವರದೆಯಿಂದಲೋ, ಬೇಸಿಗೆಯಲ್ಲಿ ನದಿ ಒಣಗಿದಾಗ ಏನು ಮಾಡುತ್ತೀರಿ. ಆಮೇಲೆ ಹೊಲಸು ನೀರಿನ ಬಗ್ಗೆ ಕೇಳಿ. ಕಾಕಂಬಿಯಿಂದ ಒಂದು ಲೀಟರ್ ಎಥನಾಲ್ ತೆಗೆದರೆ 8ರಿಂದ 15 ಲೀಟರ್ ಕಂದು ಬಣ್ಣದ ನೀರು ಉಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಉಸಿರುಗಟ್ಟಿ ಸಾಯುತ್ತದೆ. ಅದರಿಂದ ಮೊದಲು ಬಯೋಗ್ಯಾಸ್ ತೆಗೆಯಬಹುದು, ಆ ಕೆಲಸಕ್ಕೂ ಬ್ಯಾಕ್ಟೀರಿಯಾಗಳೇ. ಉಳಿದದ್ದನ್ನು ಆವಿ ಮಾಡಿ ಮಂದಗೊಳಿಸಿ ಸುಡುವ ಬಾಯ್ಲರ್ ಬೇಕು. ಕಾಳಿನ ಘಟಕದಲ್ಲಿ ಉಳಿದ ತಿಳಿಯನ್ನು ಒಣಗಿಸಿ ಹಿಂಡಿಗೆ ಸೇರಿಸಬಹುದು, ಅದಕ್ಕೆ ಡ್ರೈಯರ್ ಬೇಕು. ಆ ಡ್ರೈಯರ್, ಆ ಬಾಯ್ಲರ್ ಮೊದಲ ದಿನದಿಂದಲೇ ಇರುತ್ತವೋ, ಮುಂದೆ ಹಾಕುತ್ತೇವೆ ಅನ್ನುತ್ತಾರೋ ಕೇಳಿ. ಉತ್ತರವನ್ನು ಗ್ರಾಮ ಪಂಚಾಯ್ತಿಯ ಕಾಗದದ ಮೇಲೆ ಬರೆಸಿಕೊಳ್ಳಿ. ಜಮೀನಿನ ಮಾತು ಆಮೇಲೆ.